ಭಯಾನಕದ ಆಶ್ರಯ: ಪೆಡಂಭೂತದ ಚಿತ್ರಗಳೂ ಅವುಗಳ ಮರುನಿರ್ಮಾಣವೂ

ಭಯಚಿತ್ರಗಳನ್ನು ನಿಷ್ಠೆಯಿಂದ ನೋಡುತ್ತ ಬಂದ ಅಭಿಮಾನಿಗಳಲ್ಲಿ ಒಂದು ದೂರು ರೂಢವಾಗಿದೆ. ಹಿಂದಿನ ಪೆಡಂಭೂತಗಳು ಹೆದರಿಸುತ್ತಿದ್ದವು, ಈಗಿನವು ಕಣ್ಣನ್ನು ತುಂಬುತ್ತವೆಯೇ ಹೊರತು ಎದೆಯನ್ನು ನಡುಗಿಸುವುದಿಲ್ಲ. ಹಳೆಯ ಚಿತ್ರಗಳನ್ನು ಮತ್ತೆ ತೆಗೆದವರು ಅವುಗಳ ಸತ್ತ್ವವನ್ನು ಹಿಂಡಿಹಾಕಿದರು. ಈ ಅನರ್ಥಕ್ಕೆಲ್ಲ ಮೂಲ ಕಂಪ್ಯೂಟರಿನ ಚಿತ್ರಗಾರಿಕೆ—ಇಷ್ಟು ಆ ದೂರಿನ ಸಾರಾಂಶ. ಕಳೆದುಹೋದ ಕಾಲವೆಲ್ಲ ಚೆಲುವಾಗಿ ಕಾಣುವ ಮುಪ್ಪಿನ ಚಪಲವೆಂದು ಇದನ್ನು ತಳ್ಳಿಹಾಕುವಂತಿಲ್ಲ. ೧೯೮೨ರಲ್ಲಿ ತೆರೆಕಂಡ ಚಿತ್ರವೊಂದನ್ನು, ಅದಾದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ತರುಣರೇ ೨೦೧೧ರ ಚಿತ್ರಕ್ಕಿಂತ ಮೇಲೆಂದು ವಾದಿಸುವುದನ್ನು ನಾವು ಕೇಳಿದ್ದೇವೆ. ಅವರ ರುಚಿ ಸರಿಯಾದುದೇ. ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸರಿಯಲ್ಲವೆಂದು ನಮಗೆ ತೋರುತ್ತದೆ. ಈ ಅಭಿಪ್ರಾಯವನ್ನು ಕೆಲವು ಚಿತ್ರಗಳ ಪರಿಶೀಲನೆಯಿಂದ ಸಮರ್ಥಿಸುವುದು ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯವಿಭಾಗದ ಸಂಚಿಕೆಯಲ್ಲಿ ಇಂಥ ವಸ್ತುವಿಗೆ ಎಡೆಯುಂಟೆ ಎಂದು ಕೇಳುವವರಿರಬಹುದು. ನಮ್ಮ ತರಗತಿಗಳಲ್ಲಿ ಶೃಂಗಾರ ಕರುಣ ವೀರಗಳಿಗೆ ವಾರಗಟ್ಟಲೆ ಕಾಲ ಸಲ್ಲುತ್ತದೆ. ಭಯಾನಕ ಬೀಭತ್ಸಗಳನ್ನಾದರೋ ಲಕ್ಷಣ ಹೇಳಿ, ಗದಾಯುದ್ಧದ ರಣರಂಗವನ್ನು ಒಮ್ಮೆ ಬೆರಳಿಟ್ಟು ತೋರಿಸಿ, ಗಂಟೆ ಹೊಡೆಯುವುದರೊಳಗೆ ಮುಗಿಸಿಬಿಡುತ್ತೇವೆ. ಭಯವನ್ನೇ ಸ್ಥಾಯಿಯಾಗಿ ಹಿಡಿದು ಮೊದಲಿನಿಂದ ಕೊನೆಯವರೆಗೆ ನಡೆಸುವ ಕೃತಿಗಳು ನಮ್ಮ ಪ್ರಾಚೀನ ಕಾವ್ಯದಲ್ಲಿ ವಿರಳ, ಚಲಚ್ಚಿತ್ರದಲ್ಲಿ ಹೇರಳ. ಶಾಸ್ತ್ರಕ್ಕೆ ಉದಾಹರಣೆ ಎಲ್ಲಿ ದೊರೆತರೂ ಸ್ವೀಕರಿಸತಕ್ಕದ್ದೇ.

ಮರುನಿರ್ಮಾಣದ ಮಾತನ್ನು ಮೊದಲು ಮುಗಿಸೋಣ. 'ರೀಮೇಕ್' ಎಂಬುದು ನಮ್ಮಲ್ಲಿ ಬಹುಮಟ್ಟಿಗೆ ಹೀನಾರ್ಥದಲ್ಲಿಯೇ ಬಳಕೆಯಾಗುವ ಶಬ್ದ. ಆದರೆ ಕನ್ನಡ ಕಾವ್ಯವನ್ನು ಓದಿದವನಿಗೆ ಈ ತಿರಸ್ಕಾರ ಒಪ್ಪುವುದು ಕಷ್ಟ. ಪಂಪಭಾರತದ ಹದಿಮೂರನೆಯ ಆಶ್ವಾಸದ ವಸ್ತುವನ್ನೇ ರನ್ನನು ಹತ್ತು ಆಶ್ವಾಸಗಳಿಗೆ ವಿಸ್ತರಿಸಿದನು. ವಿಸ್ತರಿಸಿ ಕೆಡಿಸಿದನೆಂದು ಅವನನ್ನು ದೂರುವವರಿಲ್ಲ. ಏಕೆಂದರೆ ಹೆಣಗಳ ನಡುವೆ ಎಡವುತ್ತ, ಮರುಳುಗಳ ಅಣಕವನ್ನು ಸಹಿಸುತ್ತ ನಡೆಯುವ ದುರ್ಯೋಧನನ ಅಂತರಂಗ ಆ ವಿಸ್ತಾರದ ಉದ್ದಕ್ಕೂ ನಮ್ಮ ಎದುರಿಗಿರುತ್ತದೆ. ಹೇಳಿದ್ದನ್ನು ಮತ್ತೆ ಹೇಳುವುದು ದೋಷವಾಗಿದ್ದರೆ ನಮ್ಮ ಗ್ರಂಥಭಂಡಾರದ ಅರ್ಧವನ್ನು ತೆಗೆದುಹಾಕಬೇಕಾಗುತ್ತದೆ. ಆದಕಾರಣ ಮರುನಿರ್ಮಾಣವೆಂಬ ಒಂದೇ ಕಾರಣಕ್ಕೆ ಯಾವ ಚಿತ್ರವನ್ನೂ ಅಲ್ಲಗಳೆಯುವಂತಿಲ್ಲ.

ಇನ್ನು ಅಭಿಮಾನಿಯು ಮುಂದಿಡುವ ಕಾರಣಗಳು. ಪೆಡಂಭೂತವನ್ನು ಮರೆಯಲ್ಲಿಟ್ಟರೆ ಭಯ, ಬೆಳಕಿಗೆ ತಂದರೆ ಭಯಭಂಗ ಎಂಬುದು ಅವನ ಸೂತ್ರಗಳಲ್ಲೊಂದು. ಇದಕ್ಕೆ ೧೯೭೫ರ 'ಜಾಸ್' ಚಿತ್ರವನ್ನು ನಿದರ್ಶನವಾಗಿ ಕೊಡುವುದು ವಾಡಿಕೆ. ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟುಹೋದುದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಬಹುಕಾಲ ನೀರಿನಡಿಯಲ್ಲೇ ಉಳಿಸಬೇಕಾಯಿತು. ಅದರಿಂದ ಚಿತ್ರಕ್ಕೆ ಲಾಭವೇ ಆಯಿತು. ಕೈಯಿಂದ ಮಾಡಿದ ಭೂತ ನಿಜ, ಕಂಪ್ಯೂಟರಿನಲ್ಲಿ ಬರೆದ ಭೂತ ಸುಳ್ಳು ಎಂಬುದು ಇನ್ನೊಂದು ಸೂತ್ರ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ೧೯೮೨ರಲ್ಲಿ ಜಾನ್ ಕಾರ್ಪೆಂಟರ್ ತೆಗೆದ 'ದಿ ಥಿಂಗ್' ತನ್ನ ಭೂತವನ್ನು ಬಚ್ಚಿಡದೆ ದೀಪದ ಬೆಳಕಿನಲ್ಲೇ ಸವಿಸ್ತಾರವಾಗಿ ತೋರಿಸುತ್ತದೆ. ಅಭಿಮಾನಿಗಳು ಅತ್ಯಂತ ಭೀಕರವೆಂದು ಎಣಿಸುವ ಚಿತ್ರಗಳಲ್ಲಿ ಅದೂ ಒಂದು. ೧೯೭೬ರ 'ಕಿಂಗ್ ಕಾಂಗ್' ಚಿತ್ರಕ್ಕಾಗಿ ಸುಮಾರು ೪೦ ಅಡಿ ಎತ್ತರದ ಯಂತ್ರವಾನರವನ್ನು ಅಪಾರ ವೆಚ್ಚದಲ್ಲಿ ನಿಜವಾಗಿಯೇ ಕಟ್ಟಿದರು. ತೆರೆಯ ಮೇಲೆ ಅದು ನಿಂತದ್ದು ಕೆಲವು ಕ್ಷಣ, ಉಳಿದುದನ್ನೆಲ್ಲ ವಾನರವೇಷ ತೊಟ್ಟ ರಿಕ್ ಬೇಕರ್ ನಡೆಸಿಕೊಟ್ಟನು. ಕೈಕೆಲಸಕ್ಕೆ ಅಲ್ಲಿ ಕೊರತೆಯಿಲ್ಲ. ಭಯ ಮಾತ್ರ ಹುಟ್ಟಲಿಲ್ಲ. ಹೀಗೆ ಎರಡು ಸೂತ್ರಗಳೂ ಅಪವಾದಕ್ಕೆ ಸಿಕ್ಕಿ ಮುರಿಯುತ್ತವೆ.

ಅಭಿನವಗುಪ್ತನು ನಾಟ್ಯಶಾಸ್ತ್ರವ್ಯಾಖ್ಯಾನದಲ್ಲಿ ಭಯಾನಕದ ಆಸ್ವಾದವನ್ನು ವಿವರಿಸುವಾಗ ಆಯ್ದುಕೊಂಡಿರುವ ಉದಾಹರಣೆ ಬಹು ವಿಚಾರಾರ್ಹವಾದುದು. ರಾಕ್ಷಸನನ್ನಾಗಲಿ ಬೇತಾಳನನ್ನಾಗಲಿ ಅವನು ಕರೆತರುವುದಿಲ್ಲ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನು ತೋರಿಸುತ್ತಾನೆ. ರಥ ಸುಂದರ, ದೊರೆ ಸುಂದರ, ಬಿಲ್ಲೂ ಸುಂದರವೇ ಇರಬಹುದು. ಹಿಂತಿರುಗಿ ಹಿಂತಿರುಗಿ ನೋಡುವ ಆ ಕೊರಳಿನಲ್ಲಿ, ಬಾಣಕ್ಕೆ ಅಂಜಿ ಮುದುಡಿದ ಆ ಮೈಯಲ್ಲಿ ಭಯವಿದೆ. ಭಯಕ್ಕೆ ಕಾರಣವಾದುದು ಆಲಂಬನ. ಭಯವು ಯಾರಲ್ಲಿ ಮೂಡುತ್ತದೆಯೋ ಅದು ಆಶ್ರಯ. ಸಹೃದಯನ ಮನಸ್ಸು ಆಶ್ರಯವನ್ನು ಹಿಡಿದು ಒಳಹೊಗುತ್ತದೆ. ಆಲಂಬನವನ್ನು ಎಷ್ಟೇ ಘೋರವಾಗಿ ಚಿತ್ರಿಸಿದರೂ ಹೆದರುವ ಜೀವವೊಂದು ಅದರ ಎದುರಿಗಿಲ್ಲದಿದ್ದರೆ ದೊರೆಯುವುದು ವಿಸ್ಮಯ, ಇಲ್ಲವೆ ಜುಗುಪ್ಸೆ, ಹಲವು ವೇಳೆ ಆಕಳಿಕೆ. ಪೆಡಂಭೂತದ ಚಿತ್ರಗಳ ಏಳುಬೀಳುಗಳನ್ನು ಈ ದೃಷ್ಟಿಯಿಂದ ನೋಡಿದರೆ ಅಭಿಮಾನಿಯ ದೂರಿಗೆ ತಕ್ಕ ಕಾರಣ ಸಿಕ್ಕುತ್ತದೆಂದು ನಮ್ಮ ನಂಬಿಕೆ.

'ದಿ ಥಿಂಗ್' ಕಥೆ ಈ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ. ಇದರ ಮೂಲ ಜಾನ್ ಕ್ಯಾಂಪ್‌ಬೆಲ್ ೧೯೩೮ರಲ್ಲಿ ಪ್ರಕಟಿಸಿದ 'ಹೂ ಗೋಸ್ ದೇರ್?' ಎಂಬ ನೀಳ್ಗತೆ. ಹಿಮದಲ್ಲಿ ಹೂತುಹೋಗಿದ್ದ ಅನ್ಯಲೋಕದ ಜೀವಿಯೊಂದು ಕರಗಿ ಎದ್ದು, ತಾನು ಮುಟ್ಟಿದ ಪ್ರಾಣಿಯ ರೂಪವನ್ನು ತಾಳಬಲ್ಲುದು. ಹೀಗಾಗಿ ಶಿಬಿರದಲ್ಲಿರುವವರಲ್ಲಿ ಮನುಷ್ಯರು ಯಾರು, ಮನುಷ್ಯರಲ್ಲದವರು ಯಾರು ಎಂಬುದೇ ತಿಳಿಯದಾಗುತ್ತದೆ. ೧೯೫೧ರಲ್ಲಿ ಹೋವರ್ಡ್ ಹಾಕ್ಸ್ ನಿರ್ಮಿಸಿ ಕ್ರಿಶ್ಚಿಯನ್ ನೈಬಿಯ ಹೆಸರಿನಲ್ಲಿ ತೆರೆಕಂಡ ಮೊದಲ ಚಿತ್ರ ಈ ರೂಪಾಂತರದ ಅಂಶವನ್ನೇ ಬಿಟ್ಟುಕೊಟ್ಟಿತು. ಅಲ್ಲಿನ ಜೀವಿ ರಕ್ತವನ್ನುಂಡು ಬದುಕುವ ಸಸ್ಯಜಾತಿಯದು. ಎತ್ತರದ ನಟನೊಬ್ಬ ವೇಷ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಾನೆ. ವೇಷವನ್ನು ಕಂಡು ಇಂದು ಯಾರೂ ಬೆಚ್ಚಲಾರರು. ಆದರೂ ಆ ಚಿತ್ರದ ಒಂದು ಸನ್ನಿವೇಶ ಮರೆಯುವಂಥದಲ್ಲ. ಮಂಜುಗಡ್ಡೆಯ ಕೆಳಗೆ ಏನೋ ಕಪ್ಪಾಗಿ ಕಾಣುತ್ತದೆ. ಅದರ ಆಕಾರವನ್ನು ತಿಳಿಯಲು ಜನರು ಅದರ ಅಂಚಿನ ಮೇಲೆ ಒಬ್ಬೊಬ್ಬರಾಗಿ ಕೈಚಾಚಿ ನಿಲ್ಲುತ್ತಾರೆ. ನಿಂತು ಸುತ್ತ ನೋಡಿದಾಗ ತಾವೆಲ್ಲ ದುಂಡನೆಯ ವೃತ್ತವಾಗಿ ನಿಂತಿರುವುದು ಅವರಿಗೇ ಗೊತ್ತಾಗುತ್ತದೆ. ಹಾರುವ ತಟ್ಟೆಯನ್ನು ತೋರಿಸಲೇ ಇಲ್ಲ. ನಿಂತವರ ಸ್ಥಾನದಿಂದ ಅದನ್ನು ನಾವು ಕಂಡೆವು. ಅಲ್ಲಿಂದ ಮುಂದೆ ಭಯ ಬೆಳೆಯದೆ ಹಂಚಿಹೋಗುತ್ತದೆ. ಕೊರಿಯದ ಯುದ್ಧ ನಡೆಯುತ್ತಿದ್ದ ಕಾಲದ ಚಿತ್ರವದು. ಶತ್ರು ಹೊರಗಿನವನು, ಒಳಗಿರುವವರೆಲ್ಲ ಒಂದು. ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತ, ನಗೆಯಾಡುತ್ತ, ಕೂಡಿ ಉಪಾಯ ಹೂಡುತ್ತ ಅವರು ಗೆಲ್ಲುತ್ತಾರೆ. ಕೊನೆಗೆ ಉಳಿಯುವ ರಸ ವೀರ.

ಕಾರ್ಪೆಂಟರನ ಚಿತ್ರ ಹಿಂದಿನ ಚಿತ್ರವನ್ನು ಅನುಕರಿಸಲಿಲ್ಲ. ಅದು ಬಿಟ್ಟುದನ್ನು ಮೂಲಕಥೆಯಿಂದ ಎತ್ತಿಕೊಂಡಿತು. ಅಂಟಾರ್ಕ್ಟಿಕದ ಶಿಬಿರ, ಹನ್ನೆರಡು ಮಂದಿ ಗಂಡಸರು, ಹೊರಗೆ ಹಿಮ. ರಾಬ್ ಬಾಟಿನ್ ರಚಿಸಿದ ವಿಕಾರಗಳು ಕಂಡವರ ಕಣ್ಣಿನಿಂದ ಬೇಗ ಮಾಸುವುದಿಲ್ಲ: ನಿಂತ ಹೃದಯವನ್ನು ನಡೆಸಲು ವೈದ್ಯನು ರೋಗಿಯ ಎದೆಯನ್ನು ಒತ್ತಿದರೆ, ಎದೆಯೇ ಬಾಯಾಗಿ ತೆರೆದು ಅವನ ಎರಡು ಕೈಗಳನ್ನೂ ಕಡಿದುಹಾಕುತ್ತದೆ, ತಲೆ ಮುಂಡದಿಂದ ಕಳಚಿಕೊಂಡು, ಕಾಲು ಮೂಡಿಸಿಕೊಂಡು ನಡೆದುಹೋಗುತ್ತದೆ. ಇದು ಬೀಭತ್ಸವೇ ಹೌದು. ಚಿತ್ರ ಬಿಡುಗಡೆಯಾದ ೧೯೮೨ರ ಜೂನ್ ತಿಂಗಳಲ್ಲಿ ಅನೇಕ ವಿಮರ್ಶಕರು ಇದು ಬರಿಯ ಹೇಸಿಗೆಯ ಪ್ರದರ್ಶನವೆಂದು ಖಂಡಿಸಿದರು. ಎರಡು ವಾರ ಮೊದಲು ಬಂದ 'ಇ.ಟಿ.' ಅನ್ಯಲೋಕದ ಜೀವಿಯನ್ನು ಮಕ್ಕಳ ಗೆಳೆಯನನ್ನಾಗಿ ಮಾಡಿ ಜನರ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತ್ತು. ಭರತನು ಬೀಭತ್ಸವನ್ನು ಮೂಲರಸಗಳಲ್ಲಿ ಎಣಿಸಿ, ಭಯಾನಕವು ಅದರಿಂದ ಹುಟ್ಟುವುದೆಂದು ಹೇಳಿರುವುದನ್ನು ಆ ವಿಮರ್ಶಕರು ಓದಿರಲಾರರು. ಓದಿದ್ದರೆ, ಹೇಸಿಗೆಯ ಜೊತೆಗೆ ಇನ್ನೇನಿದೆ ಎಂದು ಹುಡುಕುತ್ತಿದ್ದರೇನೋ.

ಇರುವುದು ರಕ್ತಪರೀಕ್ಷೆಯ ಸನ್ನಿವೇಶ. ಭೂತದ ಒಂದೊಂದು ತೊಟ್ಟೂ ತಾನೇ ಒಂದು ಜೀವ. ಕಾದ ತಂತಿಯನ್ನು ಮುಟ್ಟಿಸಿದರೆ ಮನುಷ್ಯನ ರಕ್ತ ಸುಮ್ಮನಿರುತ್ತದೆ, ಭೂತದ ರಕ್ತ ತಪ್ಪಿಸಿಕೊಳ್ಳುತ್ತದೆ. ಮ್ಯಾಕ್ರೆಡಿಯೆಂಬ ಹೆಲಿಕಾಪ್ಟರ್ ಚಾಲಕನು ಉಳಿದವರನ್ನು ಕಟ್ಟಿಹಾಕಿ ಒಬ್ಬೊಬ್ಬರ ರಕ್ತವನ್ನು ಪರೀಕ್ಷಿಸುತ್ತಾನೆ. ಬಹಳ ಹೊತ್ತು ಅಲ್ಲಿ ಭೂತವೇ ಇಲ್ಲ. ಒಂದು ತಟ್ಟೆ, ಒಂದು ತಂತಿ, ಆ ತಟ್ಟೆಯನ್ನು ನೋಡುವ ಮುಖಗಳು. ತುಸು ಮೊದಲು ತನ್ನ ಮೇಲೆ ಬಿದ್ದ ಕ್ಲಾರ್ಕನನ್ನು ಮ್ಯಾಕ್ರೆಡಿ ಗುಂಡಿಟ್ಟು ಕೊಂದಿದ್ದಾನೆ. ಸತ್ತವನ ರಕ್ತವನ್ನು ಪರೀಕ್ಷಿಸಿದರೆ ಅವನು ಮನುಷ್ಯನೇ ಆಗಿದ್ದನೆಂದು ತಿಳಿಯುತ್ತದೆ. ಆಗ ಕಟ್ಟಿನೊಳಗಿರುವವರು ಮ್ಯಾಕ್ರೆಡಿಯನ್ನು ನೋಡುವ ನೋಟದಲ್ಲಿ ಭೂತಕ್ಕೆ ಹೆದರುವ ಹೆದರಿಕೆಗಿಂತ ಬೇರೆಯಾದುದೊಂದು ಸೇರಿಕೊಳ್ಳುತ್ತದೆ. ಪ್ರತಿಯೊಬ್ಬನೂ ಆಶ್ರಯ, ಪ್ರತಿಯೊಬ್ಬನೂ ಉಳಿದವರಿಗೆ ಆಲಂಬನ. ನಾವು ಬಲ್ಲಮಟ್ಟಿಗೆ ಭಯಾನಕದ ಸಾಮಗ್ರಿಯನ್ನು ಇಷ್ಟು ಬಿಗಿಯಾಗಿ ಒಂದು ಕೋಣೆಯಲ್ಲಿ ಕೂಡಿಸಿದ ಸನ್ನಿವೇಶ ಚಲಚ್ಚಿತ್ರದಲ್ಲಿ ಮತ್ತೊಂದಿಲ್ಲ. ಕೊನೆಯಲ್ಲಿ ಶಿಬಿರ ಉರಿದು, ಉಳಿದ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತ ಚಳಿಯಲ್ಲಿ ಕುಳಿತಿರುತ್ತಾರೆ. ಅವರಲ್ಲೊಬ್ಬ ಭೂತವಾಗಿರಬಹುದೆ ಎಂಬುದನ್ನು ಚಿತ್ರ ಹೇಳುವುದಿಲ್ಲ.

೨೦೧೧ರ 'ದಿ ಥಿಂಗ್' ಹೆಸರಿನಲ್ಲಿ ಮರುನಿರ್ಮಾಣದಂತೆ ಕಂಡರೂ ಕಥೆಯಲ್ಲಿ ಪೂರ್ವಕಥೆ. ಕಾರ್ಪೆಂಟರನ ಚಿತ್ರದ ಆರಂಭದಲ್ಲಿ ನಾರ್ವೆಯ ಹೆಲಿಕಾಪ್ಟರೊಂದು ನಾಯಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಅವರ ಶಿಬಿರಕ್ಕೆ ಹೋಗಿ ನೋಡಿದರೆ ಬಾಗಿಲಿಗೆ ನೆಟ್ಟ ಕೊಡಲಿ, ಕುರ್ಚಿಯಲ್ಲಿ ಕತ್ತು ಸೀಳಿಕೊಂಡು ಹೆಪ್ಪುಗಟ್ಟಿದ ಮನುಷ್ಯ, ಎರಡು ಮುಖಗಳು ಒಂದಾಗಿ ಸುಟ್ಟ ಶವ. ಅಲ್ಲಿ ಏನು ನಡೆಯಿತೆಂಬುದನ್ನು ಪ್ರೇಕ್ಷಕನೇ ಊಹಿಸಬೇಕು. ೨೦೧೧ರ ಚಿತ್ರ ಈ ಅವಶೇಷಗಳಿಗೆ ಒಂದೊಂದಾಗಿ ಅರ್ಥ ಹೇಳುತ್ತ ಹೋಗುತ್ತದೆ: ಕೊಡಲಿ ನೆಟ್ಟದ್ದು ಹೀಗೆ, ಮುಖಗಳು ಕೂಡಿದ್ದು ಹೀಗೆ. ಕವಿ ಸೂಚಿಸಿ ಬಿಟ್ಟುದನ್ನೆಲ್ಲ ಬಿಡಿಸಿ ಹೇಳಿ ಧ್ವನಿಯನ್ನು ವಾಚ್ಯಕ್ಕೆ ಇಳಿಸುವ ಟೀಕಾಕಾರರನ್ನು ಅಧ್ಯಾಪಕರಾದ ನಾವು ಬಲ್ಲೆವು. ಈ ಚಿತ್ರ ಆ ಜಾತಿಯ ಟೀಕೆ. ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಭೂತಕ್ಕೆ ಲೋಹವನ್ನು ಅನುಕರಿಸಲು ಬಾರದೆಂದೂ, ಹಲ್ಲಿಗೆ ತುಂಬಿಸಿದ ಲೋಹವನ್ನು ನೋಡಿ ಮನುಷ್ಯರನ್ನು ಗುರುತಿಸಬಹುದೆಂದೂ ಇಲ್ಲಿ ಮಾಡಿರುವ ಕಲ್ಪನೆ ಜಾಣತನದ್ದು. ಎಲ್ಲರೂ ಬಾಯಿ ತೆರೆದು ದೀಪಕ್ಕೆ ಒಡ್ಡುವ ಆ ಕೆಲವು ನಿಮಿಷಗಳಲ್ಲಿ ಚಿತ್ರಕ್ಕೆ ಜೀವ ಬರುತ್ತದೆ; ಅಲ್ಲಿಯೂ ನಾವು ನೋಡುತ್ತಿರುವುದು ಮನುಷ್ಯರ ಮುಖವನ್ನೇ. ಅನಂತರ ಭೂತ ಓಡುತ್ತದೆ, ಜನರೂ ಓಡುತ್ತಾರೆ.

ಈ ಚಿತ್ರದ ವಿಷಯದಲ್ಲಿ ಅಭಿಮಾನಿಗಳ ಸಿಟ್ಟಿಗೆ ವಿಶೇಷ ಕಾರಣವೊಂದಿದೆ. ಆಲೆಕ್ ಗಿಲ್ಲಿಸ್ ಮತ್ತು ಟಾಮ್ ವುಡ್ರಫ್ ಅವರ ಕಾರ್ಯಾಗಾರದಲ್ಲಿ ಕೈಯಿಂದ ರೂಪಿಸಿದ ಭೂತಾಕೃತಿಗಳನ್ನು ಚಿತ್ರೀಕರಣದಲ್ಲಿ ಬಳಸಿ, ಆಮೇಲೆ ಅವುಗಳ ಬಹುಭಾಗವನ್ನು ಕಂಪ್ಯೂಟರಿನ ಚಿತ್ರದಿಂದ ಮುಚ್ಚಿದರು. ಕುಶಲಕರ್ಮಿಗಳಿಗೆ ಇದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭಯ ಹೋದದ್ದು ಇದರಿಂದಲೇ ಎಂಬ ವಾದಕ್ಕೆ ಉತ್ತರ ಅದೇ ಕುಶಲಕರ್ಮಿಯ ಕೈಯಿಂದಲೇ ಬಂತು. ಗಿಲ್ಲಿಸ್ ಅಭಿಮಾನಿಗಳಿಂದ ವಂತಿಗೆ ಎತ್ತಿ, ಕೈಕೆಲಸದ ಭೂತವನ್ನೇ ಮುಂದುಮಾಡಿ, ೨೦೧೫ರಲ್ಲಿ 'ಹಾರ್ಬಿಂಜರ್ ಡೌನ್' ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿದನು. ಭೂತದ ಕೆಲಸ ಮೆಚ್ಚುವಂತಿದೆ. ಹಡಗಿನಲ್ಲಿರುವ ಜನರಲ್ಲಿ ಯಾರ ಬಗೆಗೂ ನಮಗೆ ಅಳುಕಾಗುವುದಿಲ್ಲ. ಆಲಂಬನ ಸಿದ್ಧವಾಯಿತು, ಆಶ್ರಯ ಒದಗಲಿಲ್ಲ.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ೧೯೩೨ರ 'ದಿ ಮಮ್ಮಿ'. ಈಜಿಪ್ಟಿನಲ್ಲಿ ಅಗೆದು ತೆಗೆದ ಶವಪೆಟ್ಟಿಗೆ. ಅದರೆದುರು ಕುಳಿತು ತರುಣನೊಬ್ಬ ಹಳೆಯ ಸುರುಳಿಯನ್ನು ಮೆಲುದನಿಯಲ್ಲಿ ಓದುತ್ತಾನೆ. ಶವದ ಕಣ್ಣು ತುಸು ತೆರೆಯುತ್ತದೆ, ಕೈ ಸಡಿಲುತ್ತದೆ. ಮೇಜಿನ ಮೇಲಿನ ಸುರುಳಿಗೆ ಒಂದು ಕೈ ಬರುತ್ತದೆ. ತರುಣ ಕಿರಿಚಿ, ಕಿರಿಚಿದವನು ನಗಲು ತೊಡಗುತ್ತಾನೆ. ಬಾಗಿಲಾಚೆಗೆ ಬಟ್ಟೆಯ ತುಂಡೊಂದು ಎಳೆದುಕೊಂಡು ಹೋಗುತ್ತದೆ. ಎದ್ದು ನಡೆದ ಶವವನ್ನು ನಾವು ಕಾಣಲೇ ಇಲ್ಲ; ಬುದ್ಧಿ ಕೆಟ್ಟವನ ನಗೆ ಮಾತ್ರ ಉಳಿಯುತ್ತದೆ. ಮರೆಯಲ್ಲಿಟ್ಟುದರಿಂದ ಇದು ಫಲಿಸಿತೆಂದು ಅಭಿಮಾನಿ ಹೇಳಬಹುದು. ಆ ನಗೆಯನ್ನು ತೆಗೆದು ನೋಡಿದರೆ ಮರೆಯೊಂದರಿಂದ ಎಷ್ಟು ಫಲವೆಂಬುದು ಗೊತ್ತಾದೀತು. ೨೦೧೭ರಲ್ಲಿ ಇದೇ ಹೆಸರಿನಲ್ಲಿ ಟಾಮ್ ಕ್ರೂಸ್ ನಾಯಕನಾಗಿ ಬಂದ ಚಿತ್ರ ಭೂತಚಿತ್ರಗಳ ದೊಡ್ಡ ಮಾಲಿಕೆಯೊಂದಕ್ಕೆ ನಾಂದಿಯಾಗಬೇಕಾಗಿತ್ತು. ನಾಂದಿಯೊಡನೆಯೇ ಮಾಲಿಕೆ ಮುಗಿಯಿತು. ವಿಮಾನ ಬಿದ್ದರೂ ಬದುಕುವ ನಾಯಕನಿಗಾಗಿ ಯಾರು ತಾನೆ ಹೆದರಿಯಾರು?

'ಕಿಂಗ್ ಕಾಂಗ್' ವಿಚಾರ ಇಷ್ಟು ಸುಲಭವಲ್ಲ. ೧೯೩೩ರ ಚಿತ್ರ ನೂರು ನಿಮಿಷದ್ದು. ೨೦೦೫ರಲ್ಲಿ ಪೀಟರ್ ಜಾಕ್ಸನ್ ತೆಗೆದದ್ದು ೧೮೭ ನಿಮಿಷ. ಹಳೆಯದರಲ್ಲಿ ಕಾಂಗ್ ಒಂದು ಮಹೋರಗದೊಡನೆ ಕಾದಿದರೆ ಹೊಸದರಲ್ಲಿ ಮೂರರೊಡನೆ ಕಾದುತ್ತದೆ. ಈ ಗುಣಾಕಾರ ಅದ್ಭುತವನ್ನು ಹೆಚ್ಚಿಸೀತು, ಭಯವನ್ನಲ್ಲ. ಆದರೆ ಜಾಕ್ಸನ್‌ನ ಚಿತ್ರ ಭಯವನ್ನು ಕಳೆದುಕೊಂಡಿತೆನ್ನುವುದಕ್ಕಿಂತ ಬೇಕೆಂದೇ ಬಿಟ್ಟುಕೊಟ್ಟಿತೆನ್ನುವುದು ಸರಿ. ಹಳೆಯ ಚಿತ್ರದ ಆ್ಯನ್ ಕೊನೆಯವರೆಗೂ ಚೀರುತ್ತಾಳೆ. ಹೊಸ ಆ್ಯನ್ ವಾನರನೆದುರು ತನ್ನ ರಂಗದ ಆಟಗಳನ್ನಾಡಿ ಅದನ್ನು ರಂಜಿಸುತ್ತಾಳೆ, ಅದರ ಪಕ್ಕದಲ್ಲಿ ಕುಳಿತು ಸೂರ್ಯಾಸ್ತ ನೋಡುತ್ತಾಳೆ. ಕರುಣಕ್ಕೆ ತಿರುಗಿದ ಈ ಕಥೆಯನ್ನು ಭಯದ ಅಳತೆಗೋಲಿನಿಂದ ಅಳೆಯುವುದು ಅನುಚಿತ. ಅಮೆರಿಕದಲ್ಲಿ ೨೦೧೪ರಿಂದೀಚೆಗೆ ಗಾಡ್ಜಿಲ್ಲಾ ಮತ್ತು ಕಾಂಗ್‌ಗಳನ್ನು ಕೂಡಿಸಿ ಬಂದ ಚಿತ್ರಮಾಲಿಕೆಯ ವಿಷಯದಲ್ಲಿಯೂ ಇದನ್ನೇ ಹೇಳಬೇಕು: ಅಲ್ಲಿ ಭೂತವೇ ನಾಯಕ, ರಸ ವೀರಾದ್ಭುತ. ಭಯವನ್ನರಸಿ ಅಲ್ಲಿಗೆ ಹೋದವನು ವಿಳಾಸ ತಪ್ಪಿ ಹೋದಂತೆಯೇ ಸರಿ.

ಬೀಭತ್ಸದಿಂದ ಭಯಾನಕಕ್ಕೂ ಅಲ್ಲಿಂದ ಕರುಣಕ್ಕೂ ಹಾದಿಯಿದೆಯೆಂಬುದನ್ನು ತೋರಿಸಿಕೊಟ್ಟದ್ದು ೧೯೮೬ರ 'ದಿ ಫ್ಲೈ'. ೧೯೫೮ರ ಮೊದಲ ಚಿತ್ರದಲ್ಲಿ ವಿಜ್ಞಾನಿಯ ತಲೆಯೂ ಒಂದು ಕೈಯೂ ಒಮ್ಮೆಗೇ ನೊಣದವಾಗುತ್ತವೆ. ಡೇವಿಡ್ ಕ್ರೋನೆನ್‌ಬರ್ಗ್ ಈ ಮಾರ್ಪಾಟನ್ನು ಮೆಲ್ಲಗೆ ಹಬ್ಬುವ ರೋಗವನ್ನಾಗಿ ಮಾಡಿದನು. ಉದುರಿದ ತನ್ನ ದೇಹದ ತುಂಡುಗಳನ್ನು ವಿಜ್ಞಾನಿ ಸ್ನಾನದ ಕೋಣೆಯ ಕಪಾಟಿನಲ್ಲಿ ಜೋಡಿಸಿಟ್ಟು ನೋಡಿಕೊಳ್ಳುತ್ತಾನೆ. ಇಲ್ಲಿ ಆಲಂಬನವೂ ಆಶ್ರಯವೂ ಒಂದೇ ಶರೀರ. ಮರುನಿರ್ಮಾಣ ಮೂಲವನ್ನು ಮೀರಿತೆಂದು ನಿಸ್ಸಂಕೋಚವಾಗಿ ಹೇಳಬಹುದಾದ ಪ್ರಸಂಗಗಳಲ್ಲಿ ಇದೂ ಒಂದು.

ಶಾಸ್ತ್ರವು ಹೇಳಿದ ಒಂದು ಮಾತನ್ನು ಮಾತ್ರ ಈ ಚಿತ್ರಗಳು ತಿದ್ದುತ್ತವೆ. ಭರತನು ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸೇರಿದ ಭಾವವೆಂದು ವಿಧಿಸಿದ್ದಾನೆ. ಉತ್ತಮನಾಯಕನಿಗೆ ಅದು ಸಲ್ಲದು. ೧೯೩೩ರ 'ಕಿಂಗ್ ಕಾಂಗ್' ತಿಳಿಯದೆಯೇ ಈ ವಿಧಿಯನ್ನು ಪಾಲಿಸಿತು: ಅಲ್ಲಿ ಹೆಂಗಸು ಚೀರುತ್ತಾಳೆ, ಗಂಡಸರು ಗುಂಡು ಹಾರಿಸುತ್ತಾರೆ. ಕಾರ್ಪೆಂಟರನ ಹನ್ನೆರಡು ಮಂದಿ ಈ ವಿಧಿಯನ್ನು ಮೀರಿದರು. ಅದಕ್ಕಿಂತ ಮುಂದೆ ಹೋದದ್ದು ಜಪಾನಿನ ಗಾಡ್ಜಿಲ್ಲಾ ಚಿತ್ರಗಳ ಪರಂಪರೆ.

೧೯೫೪ರ ಮಾರ್ಚ್ ತಿಂಗಳಲ್ಲಿ ಅಮೆರಿಕವು ಬಿಕಿನಿ ದ್ವೀಪದಲ್ಲಿ ಸಿಡಿಸಿದ ಜಲಜನಕ ಬಾಂಬಿನ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು. ಅದರಲ್ಲಿದ್ದ ೨೩ ಮಂದಿಯೂ ವಿಕಿರಣದಿಂದ ನರಳಿದರು, ಒಬ್ಬನು ಸೆಪ್ಟೆಂಬರಿನಲ್ಲಿ ತೀರಿಕೊಂಡನು. ನವೆಂಬರ್ ೩ರಂದು ಇಶಿರೊ ಹೋಂಡನ 'ಗಾಡ್ಜಿಲ್ಲಾ' ತೆರೆಕಂಡಿತು. ಅದು ಸಮುದ್ರದಲ್ಲಿ ಬೆಳಗುವ ಮಿಂಚಿನಿಂದಲೂ ಮುಳುಗುವ ಹಡಗಿನಿಂದಲೂ ಆರಂಭವಾಗುತ್ತದೆ. ರಬ್ಬರಿನ ವೇಷ ವೇಷದಂತೆಯೇ ಕಾಣುತ್ತದೆ, ನಿಜ. ಉರಿಯುವ ಟೋಕಿಯೋದ ಬೀದಿಬದಿಯಲ್ಲಿ ಮಕ್ಕಳನ್ನು ತಬ್ಬಿ ಕುಳಿತ ತಾಯಿ, ಆಸ್ಪತ್ರೆಯಲ್ಲಿ ಮಗುವಿನ ಮೈಮೇಲೆ ವಿಕಿರಣಮಾಪಕವನ್ನು ಹಿಡಿದಾಗ ಅದು ಮಾಡುವ ಸದ್ದು—ಇವು ವೇಷವಲ್ಲ. ೧೯೯೮ರ ಅಮೆರಿಕದ ಚಿತ್ರ ಅಪರಾಧವನ್ನು ಫ್ರೆಂಚರ ಅಣುಪರೀಕ್ಷೆಗೆ ವರ್ಗಾಯಿಸಿ, ಭೂತವನ್ನು ನ್ಯೂಯಾರ್ಕಿನ ಗಲ್ಲಿಗಳಲ್ಲಿ ಅವಿತು ಓಡುವ ದೊಡ್ಡ ಹಲ್ಲಿಯನ್ನಾಗಿ ಮಾಡಿತು. ಜಪಾನೀಯರು ೨೦೦೪ರ ಚಿತ್ರವೊಂದರಲ್ಲಿ ಆ ಹಲ್ಲಿಯನ್ನು ಕರೆಸಿ, ತಮ್ಮ ಗಾಡ್ಜಿಲ್ಲಾನಿಂದ ಕ್ಷಣಮಾತ್ರದಲ್ಲಿ ಸೋಲಿಸಿದರು. ವಿಮರ್ಶೆಯನ್ನು ಇಷ್ಟು ಸಂಕ್ಷೇಪವಾಗಿ ಬರೆಯುವುದು ನಮ್ಮಿಂದಾಗದು.

೨೦೨೩ರಲ್ಲಿ ತಕಾಶಿ ಯಮಜಾಕಿ ಮಾಡಿದ 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರದಲ್ಲಿ ಭೂತ ಪೂರ್ತಿಯಾಗಿ ಕಂಪ್ಯೂಟರಿನದು. ಸುಮಾರು ೩೫ ಕಲಾವಿದರು ೬೧೦ ದೃಶ್ಯಖಂಡಗಳನ್ನು ರಚಿಸಿದರು. ೨೦೨೪ರಲ್ಲಿ ಅವರ ಕೆಲಸಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಕಂಪ್ಯೂಟರಿನ ಮೇಲಿನ ದೂರು ಇಲ್ಲಿ ನಿಲ್ಲುವುದಿಲ್ಲ. ಈ ಚಿತ್ರದ ನಾಯಕ ಶಿಕಿಶಿಮ ಯುದ್ಧದ ಕೊನೆಯಲ್ಲಿ ಆತ್ಮಾಹುತಿಗೆ ನೇಮಕವಾದ ವೈಮಾನಿಕ. ವಿಮಾನ ಕೆಟ್ಟಿದೆಯೆಂದು ಸುಳ್ಳು ಹೇಳಿ ದ್ವೀಪವೊಂದರಲ್ಲಿ ಇಳಿಯುತ್ತಾನೆ. ಆ ರಾತ್ರಿ ಭೂತ ಎದುರಾದಾಗ ಬಂದೂಕಿನ ಗುಂಡಿಯ ಮೇಲಿಟ್ಟ ಬೆರಳು ಅವನ ಮಾತು ಕೇಳುವುದಿಲ್ಲ, ಸುತ್ತಲಿದ್ದವರು ಸಾಯುತ್ತಾರೆ. ಮನೆಗೆ ಮರಳಿದವನನ್ನು ನೆರೆಯವಳು, ನೀನೇಕೆ ಬದುಕಿಬಂದೆ ಎಂದು ಜರೆಯುತ್ತಾಳೆ. ಭಯಪಟ್ಟವನೇ ಇಲ್ಲಿ ಕಥಾನಾಯಕ; ಅವನ ಭಯವನ್ನು ಹೇಡಿತನವೆಂದ ಆಳಿಕೆಯೂ ಅವನ ಎದುರಿಗಿರುವ ಇನ್ನೊಂದು ಭೂತ. ಕೊನೆಗೆ ಅವನು ಸ್ಫೋಟಕ ತುಂಬಿದ ವಿಮಾನವನ್ನು ಗಾಡ್ಜಿಲ್ಲಾನ ಬಾಯಿಗೆ ನುಗ್ಗಿಸಿ, ಆಸನದೊಡನೆ ಹೊರಕ್ಕೆ ಹಾರಿ ಬದುಕುತ್ತಾನೆ. ಸತ್ತಳೆಂದುಕೊಂಡ ನೊರಿಕೊ ಆಸ್ಪತ್ರೆಯಲ್ಲಿ ಮತ್ತೆ ಸಿಕ್ಕುವುದು ಪ್ರೇಕ್ಷಕರಿಗೆ ಕೊಟ್ಟ ರಿಯಾಯಿತಿಯೆಂದು ನಮಗೆ ತೋರಿತು. ಆದರೆ ಅವಳ ಕೊರಳಿನ ಮೇಲೆ ಹರಿದಾಡುವ ಕಪ್ಪು ಕಲೆಯನ್ನು ನಿರ್ದೇಶಕನು ನಮಗೆ ತೋರಿಸುತ್ತಾನೆ, ಅವಳನ್ನು ಅಪ್ಪಿಕೊಂಡು ಅಳುತ್ತಿರುವ ಶಿಕಿಶಿಮ ಅದನ್ನು ಇನ್ನೂ ಕಂಡಿಲ್ಲ.